ಪಕ್ಕದ ಸೀಟಿನ ಗಾಜು

ಹಿಂದೆ ಮಲಗಿದವರಿಂದ ನನಗೆ ಯಾವತ್ತೂ ತಕರಾರು ಬಂದಿಲ್ಲ. ತಕರಾರೆಲ್ಲ ಪಕ್ಕದ ಸೀಟಿನಲ್ಲಿ ಕೂತವರದು.

ನಾನು ಶವ ಸಾಗಿಸುವ ವ್ಯಾನಿನ ಡ್ರೈವರು. ಮನೆಯಿಂದಲೋ ಆಸ್ಪತ್ರೆಯಿಂದಲೋ ಸ್ಮಶಾನದವರೆಗೆ, ಹಿಂದೆ ನಡೆದು ಬರುವ ಜನರ ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ಹೋಗಬೇಕು. ಅದಕ್ಕಿಂತ ಒಂದು ಚೂರು ಜೋರಾಗಿ ಹೋದರೂ ನಮ್ಮ ಮ್ಯಾನೇಜರಿಗೆ ದೂರು ಹೋಗುತ್ತದೆ. ಪಕ್ಕದ ಸೀಟು ಸತ್ತವರಿಗೆ ತೀರ ಹತ್ತಿರದವರಿಗೆ ಮೀಸಲು. ಮಗನೋ, ಹೆಂಡತಿಯೋ, ಅಣ್ಣನೋ, ಯಾರಾದರೂ ಒಬ್ಬರು. ಅದು ಹೋಗುವಾಗಿನ ಮಾತು. ಬರುವಾಗ ಆ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಮಳೆಯಲ್ಲಿ ನೆನೆಯುತ್ತಾ ಬಸ್ಸಿಗೆ ಕಾಯುತ್ತಾರೆ, ಆದರೆ ನನ್ನ ಗಾಡಿಯನ್ನು ಎರಡನೇ ಸಲ ಹತ್ತುವುದಿಲ್ಲ. ಮೊದಮೊದಲು ಬನ್ನಿ ಬಿಡ್ತೀನಿ ಅಂತ ಕರೆಯುತ್ತಿದ್ದೆ. ಅವರು ಬೆಚ್ಚಿಬೀಳುವುದನ್ನು ನೋಡಿ ನೋಡಿ ಬೇಸತ್ತು, ಕರೆಯುವುದನ್ನೇ ಬಿಟ್ಟೆ.

ವೈಪರಿನ ತಲೆನೋವು ಶುರುವಾದದ್ದು ಒಂದು ಹನಿಮಳೆಯ ದಿನ. ಪಕ್ಕದಲ್ಲಿ ಒಬ್ಬ ಮಗ ಕೂತಿದ್ದ, ಹಿಂದೆ ಅವನ ತಾಯಿ. ಅವನು ಅಳುತ್ತಿರಲಿಲ್ಲ. ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ರಸ್ತೆ ನೋಡುತ್ತಿದ್ದ. ನನ್ನ ವೈಪರು ಆ ತುದಿಗೆ ಹೋದಾಗ ಕಿರ್ ಅನ್ನುವುದು, ಈ ತುದಿಗೆ ಬಂದಾಗ ಕುಂಯ್ ಅನ್ನುವುದು. ಬೇರೆ ಗಾಡಿಗಳಲ್ಲಿ ಅದು ಎಂಜಿನ್ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ನಡೆಯುವ ವೇಗದಲ್ಲಿ, ಯಾರೂ ಮಾತಾಡದ ಗಾಡಿಯೊಳಗೆ, ಅದೊಂದೇ ಕೇಳಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅವನು ನನ್ನ ಕಡೆ ತಿರುಗದೆ ಹೇಳಿದ.

"ಅದನ್ನ ನಿಲ್ಲಿಸ್ತೀರಾ? ಅಮ್ಮ ಕೊನೇಲಿ ಹೀಗೇ ಉಸಿರಾಡ್ತಿದ್ರು."

ನಿಲ್ಲಿಸಿದೆ. ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ಅಷ್ಟು ದೂರವೂ ಓಡಿಸಿದೆ. ಮನೆಗೆ ಬಂದಾಗ ನನ್ನ ಅರ್ಧ ಮೈ ಒದ್ದೆ, ಅರ್ಧ ಮೈ ಒಣಗಿತ್ತು. ಮರುದಿನ ವೈಪರಿಗೆ ಹೊಸ ರಬ್ಬರು ಹಾಕಿಸಿದೆ, ಗಾಜನ್ನು ಸೋಪು ಹಾಕಿ ತಿಕ್ಕಿದೆ. ಒಂದಷ್ಟು ದಿನ ಸುಮ್ಮನಿದ್ದು ಮತ್ತೆ ರಾಗ ತೆಗೆಯಿತು. ನನಗೆ ತಲೆ ಕೆಟ್ಟುಹೋಯಿತು.

ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಕಾರಿನ ಗಾಜು ಕೂರಿಸುವವನ ಅಂಗಡಿ ಇದೆ. ಮಾತಿನಲ್ಲಿ ಎತ್ತಿದ ಕೈ ಆಸಾಮಿ. ನನಗಿಂತ ಚಿಕ್ಕವನು, ಹೆಗಲ ಮೇಲೆ ಯಾವಾಗಲೂ ಒಂದು ಮೆತ್ತನೆಯ ಬಟ್ಟೆ. ನನ್ನ ಗೋಳು ಕೇಳಿ ಅವನ ಮುಖ ಅರಳಿತು.

"ವೈಪರೇ ಬೇಡ ಅಣ್ಣಾ. ಗಾಜಿಗೆ ನೀರೇ ಅಂಟದ ಹಾಗೆ ಹಚ್ಚಿಬಿಡೋಣ. ಹನಿ ಬಿತ್ತು, ಉರುಳ್ತು, ಹೋಯ್ತು. ನಿಮಗೆ ವೈಪರ್ ಇದೆ ಅನ್ನೋದೇ ಮರೆತುಹೋಗತ್ತೆ."

ಅವನ ಹತ್ತಿರ ಮೂರು ಬಗೆ ಇತ್ತು. ಒಂದು ಸ್ಪ್ರೇ, ಚಿಮುಕಿಸಿ ಒರೆಸಿದರೆ ಮುಗಿಯಿತು. ಇನ್ನೊಂದು ಬಟ್ಟೆಯಲ್ಲಿ ಅದ್ದಿ ಉಜ್ಜುವ ದ್ರವ, ಅದು ಗಾಜಿನ ಮೇಲೆ ಬೆಳ್ಳಗೆ ಮಂಜುಗಟ್ಟಿದ ಮೇಲೆ ಮತ್ತೆ ಉಜ್ಜಿ ಹೊಳಪು ಬರಿಸಬೇಕು. ಮೂರನೆಯದು ಕೋಟಿಂಗ್, ಎರಡು ಪದರ ಹಚ್ಚಿ ಒಂದು ದಿನ ನೀರು ಸೋಕಿಸದೆ ಒಣಗಿಸಬೇಕು.

"ಯಾವುದು ಒಳ್ಳೇದು?" ಅಂದೆ.

"ಮೂರೂ ಒಳ್ಳೇದೇ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮೂರೂ ಒಳ್ಳೆಯದಾದರೆ ಮೂರು ಯಾಕೆ ಮಾಡುತ್ತಾರೆ? ಹಾಗಾದರೆ ಮೂರನ್ನೂ ಹಚ್ಚು, ನಾನೇ ನೋಡುತ್ತೇನೆ ಅಂದೆ. ಅವನು ಕಾಗದದ ಟೇಪು ಅಂಟಿಸಿ ಗಾಜನ್ನು ಮೂರು ಪಟ್ಟಿ ಮಾಡಿದ. ನನ್ನ ಮುಂದೆ ಸ್ಪ್ರೇ, ನಡುವೆ ಕೋಟಿಂಗ್, ಪಕ್ಕದ ಸೀಟಿನ ಮುಂದೆ ಉಜ್ಜುವ ದ್ರವ. ಕೆಲಸವನ್ನೆಲ್ಲ ಸ್ಟೂಲಿನ ಮೇಲೆ ನಿಂತು ಹೊರಗಿನಿಂದಲೇ ಮುಗಿಸಿದ. ಮಳೆ ಬಂದಾಗ ಒಂದು ಸುತ್ತು ಹೋಗಿ ಬರೋಣ, ಪಕ್ಕದಲ್ಲಿ ಕೂತು ಆ ಕಡೆಯ ಪಟ್ಟಿ ನೋಡು ಅಂದಾಗ ಮಾತ್ರ ಸ್ಟೂಲಿನಿಂದ ಇಳಿದು ಎರಡು ಹೆಜ್ಜೆ ಹಿಂದೆ ಸರಿದ.

"ಒಳಗೆ ಮಾತ್ರ ಕೂರಿಸ್ಬೇಡಿ ಅಣ್ಣಾ. ಅಮ್ಮನಿಗೆ ಮಾತು ಕೊಟ್ಟಿದ್ದೀನಿ."

"ಯಾವಾಗ ಕೊಟ್ಟೆ?"

"ಇವತ್ತು ಮನೆಗೆ ಹೋಗಿ ಕೊಡ್ತೀನಿ."

ನಗು ಬಂತು, ಆದರೂ ಒಳಗೆ ಎಲ್ಲೋ ಚುರುಕ್ ಅಂದಿತು. ಪಕ್ಕದಲ್ಲಿ ಕೂತು ನೋಡುವವರು ಬೇಕೇ ಬೇಕು. ಓಡಿಸುವವನು ರಸ್ತೆ ನೋಡಬೇಕು. ಆಚೆ ಕಡೆ ಹನಿ ನಿಂತಿತೋ ಓಡಿತೋ ಅಂತ ನೋಡುತ್ತಾ ಕೂತರೆ ನಾನೂ ಹಿಂದೆ ಮಲಗಬೇಕಾಗುತ್ತದೆ. ತಾಯಿಯನ್ನು ಕಳೆದುಕೊಂಡವನಿಗೆ ಸ್ವಲ್ಪ ಹನಿ ನೋಡಿ ಹೇಳಪ್ಪ ಅಂತ ಕೇಳುವುದಕ್ಕಾಗುತ್ತದೆಯೇ? ಬರುವಾಗ ಖಾಲಿ ಗಾಡಿಯಲ್ಲಿ ನೋಡಬೇಕು. ಬರುವಾಗ ನನ್ನ ಜೊತೆ ಕೂರುವ ಧೈರ್ಯ ಇಡೀ ಊರಿನಲ್ಲಿ ಒಬ್ಬಳಿಗೇ ಇತ್ತು, ನನ್ನ ಅಕ್ಕನಿಗೆ.

ಅಕ್ಕ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಇದ್ದವಳು. ನಿವೃತ್ತಿಯಾದ ಮೇಲೆ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆಯಲ್ಲಿ ಇದ್ದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕುವುದರಲ್ಲೇ ಅವಳಿಗೆ ಮದುವೆಯ ವಯಸ್ಸು ದಾಟಿತು. ನನಗೆ, ಈ ಗಾಡಿ ಓಡಿಸುವವನಿಗೆ, ಹೆಣ್ಣು ಕೊಡುವವರು ಯಾರೂ ಬರಲಿಲ್ಲ. ಅವಳಿಗೆ ನಾನು, ನನಗೆ ಅವಳು, ಅಷ್ಟೇ ನಮ್ಮ ಸಂಸಾರ. ಊಟಕ್ಕೆ ಕೂತಾಗ ಗಾಜಿನ ಕಥೆ ಹೇಳಿದೆ.

"ಜೀವಮಾನ ಎಲ್ಲಾ ಗಾಜಿನ ಹಿಂದೆ ಕೂತು ಜನ ನೋಡಿದವಳು ನಾನು. ನೋಡೋದಕ್ಕೆ ನನಗಿಂತ ಬೇರೆ ಯಾರು ಬೇಕೋ ನಿನಗೆ?" ಅಂದಳು. ಆಮೇಲೆ ಅನ್ನ ಬಡಿಸುತ್ತಾ, ನಾಳೆ ತರಕಾರಿ ತರಬೇಕು ಅನ್ನುವ ದನಿಯಲ್ಲಿ, "ಬೇಗ ನೋಡಿ ಮುಗಿಸೋಣ. ನನ್ನನ್ನ ಕರ್ಕೊಂಡು ಹೋಗೋ ದಿನ ಮಳೆ ಬಂದ್ರೆ ಆ ಕಿರ್ ಕಿರ್ ಕೇಳಿಸ್ಬಾರ್ದು" ಅಂದಳು.

ಅವಳ ಹೃದಯ ಸೋತಿದೆ, ಹೆಚ್ಚು ದಿನ ಇರಲಾರಳು ಅಂತ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ನಾನು ತಟ್ಟೆ ಸರಿಸಿ ಎದ್ದುಬಿಟ್ಟೆ.

"ಕೂತ್ಕೋ. ನೀನು ಸಿಟ್ಟು ಮಾಡ್ಕೊಂಡ್ರೆ ಅದು ಹೆದರಿ ವಾಪಸ್ ಹೋಗತ್ತಾ? ಊರಿನವರನ್ನೆಲ್ಲ ಕರ್ಕೊಂಡು ಹೋಗ್ತೀಯ, ನನ್ನನ್ನ ಬೇರೆ ಯಾರ ಕೈಗೋ ಕೊಡ್ತೀಯಾ? ನೀನೇ ಓಡಿಸ್ಬೇಕು. ಸದ್ದು ಇರಬಾರದು. ಅಷ್ಟೇ ನಾನು ಕೇಳೋದು."

ಕೂತೆ. ಆಯಿತು ಅಂದೆ. ಆ ಹೊತ್ತಿನಿಂದ ನನಗೆ ಬೇರೆ ಯೋಚನೆ ಉಳಿಯಲಿಲ್ಲ. ಸದ್ದಿಲ್ಲದ ಗಾಜು ಬೇಕು, ಅದೂ ಅವಳ ದಿನ ಬರುವುದರೊಳಗೆ.

ಮೋಡ ಕವಿದ ದಿನಗಳಲ್ಲಿ ನಾನು ಹೊರಡುವ ಮೊದಲು ಫೋನು ಮಾಡುತ್ತಿದ್ದೆ. ಅಕ್ಕ ಬಸ್ಸು ಹಿಡಿದು ಸ್ಮಶಾನದ ಗೇಟಿನ ಎದುರಿನ ತಂಗುದಾಣಕ್ಕೆ ಬಂದು, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿರುತ್ತಿದ್ದಳು. ನಾನು ಕೆಲಸ ಮುಗಿಸಿ ಹೊರಗೆ ಬಂದು ನಿಲ್ಲಿಸಿದರೆ ಬಾಗಿಲು ತೆಗೆದು ಹತ್ತಿ, ದಿನಾ ಈ ಬಸ್ಸಲ್ಲೇ ಓಡಾಡುವವಳ ಹಾಗೆ ಚೀಲ ಕಾಲ ಬಳಿ ಇಟ್ಟು ಕೂರುತ್ತಿದ್ದಳು. ತಂಗುದಾಣದಲ್ಲಿದ್ದವರು ಕಣ್ಣು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವಳು ಅವರಿಗೆ ಕೈ ಬೀಸುತ್ತಿದ್ದಳು.

ಹೊರವರ್ತುಲ ರಸ್ತೆ ಖಾಲಿ ಇರುತ್ತಿತ್ತು. ಮಳೆ ಹಿಡಿದ ಕೂಡಲೇ ನಾನು ವೇಗ ಏರಿಸುತ್ತಿದ್ದೆ. ಗಾಜಿನ ಮೇಲೆ ಹನಿಗಳು ಗುಂಡುಗುಂಡಾಗಿ ಕೂತು, ನಡುಗಿ, ಗಾಳಿ ತಳ್ಳಿದಂತೆ ಮೇಲುಮುಖವಾಗಿ ಹರಿದು ಮಾಯವಾಗುತ್ತಿದ್ದವು. ವೈಪರು ಮುಟ್ಟುವ ಅಗತ್ಯವೇ ಇರಲಿಲ್ಲ.

"ಓಡ್ತು ಓಡ್ತು. ನನ್ನ ಕಡೆ ಎಲ್ಲಾ ಓಡ್ತು. ನಡುವಿಂದು ಸೋಮಾರಿ. ನಿನ್ನ ಕಡೆ ಏನೋ ಅದು, ಕುಂಟ್ತಾ ಇದೆಯಲ್ಲ."

"ನನ್ನ ಕಡೆ ಚೆನ್ನಾಗೇ ಇದೆ. ನೀನು ಓರೆಯಾಗಿ ನೋಡ್ತಿದ್ದೀಯ."

"ಚಿಕ್ಕವನಿದ್ದಾಗಲೂ ಹಿಂಗೇ, ನಿನ್ನ ಲೋಟದಲ್ಲೇ ಹಾಲು ಜಾಸ್ತಿ ಅಂತ ವಾದ ಮಾಡ್ತಿದ್ದೆ."

ಹೀಗೆ ಕಚ್ಚಾಡುತ್ತಾ ಬರುತ್ತಿದ್ದೆವು. ನನಗೂ ಗೊತ್ತಿತ್ತು, ಅವಳ ಕಡೆಯದೇ ಮೇಲು. ಸ್ಪ್ರೇ ನಾಲ್ಕು ಸಲ ಗಾಡಿ ತೊಳೆಯುವಷ್ಟರಲ್ಲಿ ಸತ್ವ ಕಳೆದುಕೊಂಡಿತ್ತು. ಒಪ್ಪಿಕೊಂಡರೆ ಪರೀಕ್ಷೆ ಮುಗಿದುಹೋಗುತ್ತದಲ್ಲ, ಅದಕ್ಕೆ ಒಪ್ಪಿಕೊಳ್ಳುತ್ತಿರಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಬರುವ ದಾರಿಯಲ್ಲಿ ನನ್ನ ಜೊತೆ ಇನ್ನೊಂದು ದನಿ ಇದ್ದದ್ದು ಆ ಮಳೆಗಾಲದಲ್ಲಿ ಮಾತ್ರ. ನಾನು ತುಂಬ ಸುಖವಾಗಿದ್ದೆ.

ಅಲ್ಲಿಯವರೆಗೆ ಹೋಗುವಾಗ ಮಳೆ ಬಿದ್ದೇ ಇರಲಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ಹೊರಡುವುದು, ಸಂಜೆ ಮಳೆಯಲ್ಲಿ ಮರಳುವುದು, ಹಾಗೇ ನಡೆದಿತ್ತು. ಒಂದು ದಿನ ಬೆಳಿಗ್ಗೆಯೇ ಮಳೆ ಹಿಡಿಯಿತು. ಪಕ್ಕದಲ್ಲಿ ಒಬ್ಬ ವಯಸ್ಸಾದ ಗಂಡ, ಹಿಂದೆ ಅವನ ಹೆಂಡತಿ, ಅದರ ಹಿಂದೆ ಕೊಡೆ ಹಿಡಿದ ನೆಂಟರು. ನಾನು ಧೈರ್ಯವಾಗಿ ವೈಪರು ಹಾಕದೆ ಹೊರಟೆ. ಹನಿಗಳು ಗಾಜಿನ ಮೇಲೆ ಗುಂಡುಗುಂಡಾಗಿ ಕೂತವು. ಕೂತೇ ಇದ್ದವು. ಸ್ಪ್ರೇ, ಕೋಟಿಂಗ್, ಅಕ್ಕನ ಪಟ್ಟಿ, ಮೂರರ ಮೇಲೂ ಒಂದು ಹನಿಯೂ ಜಗ್ಗಲಿಲ್ಲ. ಸಾಬೂದಾನಿ ಚೆಲ್ಲಿದ ಹಾಗೆ ಗಾಜೆಲ್ಲ ತುಂಬಿ ಮುಂದಿನ ರಸ್ತೆಯೇ ಕಾಣದಾಯಿತು. ದಿಕ್ಕು ತೋಚದೆ ವೈಪರು ಹಾಕಿದೆ. ಆ ನುಣುಪಿನ ಮೇಲೆ ರಬ್ಬರು ಜಾರದೆ ಕುಪ್ಪಳಿಸತೊಡಗಿತು. ಕಟಕಟಕಟ ಕಿರ್ರ್. ಮೊದಲಿನದೇ ವಾಸಿ ಅನ್ನಿಸುವಂಥ ಸದ್ದು. ಆ ಅಜ್ಜ ನನ್ನನ್ನು ಒಂದು ಸಲ ನೋಡಿ ಕಣ್ಣು ಮುಚ್ಚಿಕೊಂಡ.

ಗಾಜಿನವನ ಅಂಗಡಿಗೆ ಹೋಗಿ ಬಾಯಿಗೆ ಬಂದಹಾಗೆ ಬೈದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಹೋಗುವಾಗ ಎಷ್ಟು ಸ್ಪೀಡಲ್ಲಿ ಹೋಗ್ತೀರಣ್ಣಾ?"

"ಜನ ನಡೆಯೋ ಸ್ಪೀಡಲ್ಲಿ. ಇನ್ನೇನು, ಹೆಣ ಇಟ್ಕೊಂಡು ರೇಸ್ ಹೋಗ್ಲಾ?"

ಅವನು ಕಕ್ಕಾಬಿಕ್ಕಿಯಾಗಿ ತಲೆಯ ಮೇಲೆ ಕೈ ಇಟ್ಟುಕೊಂಡ. ನೀರನ್ನು ಓಡಿಸುವುದು ಹಚ್ಚಿದ ದ್ರವವಲ್ಲ, ಗಾಳಿ. ದ್ರವ ನೀರನ್ನು ಅಂಟಿಕೊಳ್ಳಲು ಬಿಡುವುದಿಲ್ಲ, ಅಷ್ಟೇ. ಅರವತ್ತರ ಆಸುಪಾಸು ವೇಗ ಇಲ್ಲದಿದ್ದರೆ ಹನಿ ಇದ್ದಲ್ಲೇ ಇರುತ್ತದೆ. ಇದು ಅವನಿಗೆ ಗೊತ್ತಿತ್ತು. ನನ್ನದು ಎಂಥ ಗಾಡಿ ಅನ್ನುವುದೂ ಅವನಿಗೆ ಗೊತ್ತಿತ್ತು. ಎರಡನ್ನೂ ಜೋಡಿಸಿ ನೋಡಲು ಅವನಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ, ಜೀವಮಾನ ಎಲ್ಲಾ ಗಾಜಿನ ಹಿಂದೆ ಕೂತವಳಿಗೂ ತೋಚಲಿಲ್ಲ. ಒಂದು ಮಳೆಗಾಲವಿಡೀ ನಾವು ಬರುವ ದಾರಿಗೆ ಪರೀಕ್ಷೆ ಮಾಡಿದ್ದೆವು. ಸದ್ದು ಬೇಡವಾಗಿದ್ದದ್ದು ಹೋಗುವ ದಾರಿಯಲ್ಲಿ.

"ಸೋಮವಾರ ತನ್ನಿ, ಪಾಲಿಶ್ ಹಾಕಿ ಎಲ್ಲಾ ತೆಗೆದುಬಿಡ್ತೀನಿ" ಅಂದ ಸಪ್ಪೆ ಮುಖ ಮಾಡಿಕೊಂಡು.

ಅಕ್ಕನಿಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಉಸಿರು ಸಿಕ್ಕದೆ ಗೋಡೆಗೆ ಒರಗಿ ಕೂತಳು.

"ಹಾಗಾದ್ರೆ ನನ್ನನ್ನ ಜೋರಾಗೇ ಕರ್ಕೊಂಡು ಹೋಗು. ಅರವತ್ತರಲ್ಲಿ."

"ಹುಚ್ಚು ಹಿಡಿದಿದೆಯಾ? ಹಿಂದೆ ನಡೆದು ಬರೋರು?"

"ನನ್ನ ಹಿಂದೆ ಬರೋರು ಯಾರಿದ್ದಾರೋ? ನೀನೊಬ್ಬ. ನೀನು ಮುಂದೆ ಕೂತಿರ್ತೀಯ."

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಮ್ಯಾನೇಜರು ಬೈದರೆ ಬೈಯಲಿ, ಅರವತ್ತರಲ್ಲಿ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟೆ.

ಸೋಮವಾರ ಬರಲಿಲ್ಲ. ಶನಿವಾರ ಬೆಳಿಗ್ಗೆ ಚಪ್ಪಲಿ ಅಂಗಡಿಯವನು ಫೋನು ಮಾಡಿ, ನಿಮ್ಮಕ್ಕ ಬಾಗಿಲು ತೆಗೀತಿಲ್ಲ ಅಂದ. ನಾನು ಹೋಗಿ ನನ್ನ ಹತ್ತಿರ ಇದ್ದ ಕೀಲಿಯಲ್ಲಿ ತೆಗೆದೆ. ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಸತ್ತವರನ್ನು ನೋಡುವುದು ನನಗೆ ನಿತ್ಯದ ಕೆಲಸ. ಆದರೂ ನಾನು ಅವಳ ಹೆಗಲು ಅಲುಗಾಡಿಸುತ್ತಾ ಎಷ್ಟೋ ಹೊತ್ತು ಅಕ್ಕಾ ಅಕ್ಕಾ ಅಂತ ಕರೆಯುತ್ತಲೇ ಇದ್ದೆ. ಚಪ್ಪಲಿ ಅಂಗಡಿಯವನು ಬಂದು ನನ್ನ ಕೈ ಬಿಡಿಸಿದ.

ಮರುದಿನ ಬೆಳಿಗ್ಗೆಯಿಂದ ಮಳೆ. ಮ್ಯಾನೇಜರು ತಾವೇ ಗಾಡಿಯ ಹತ್ತಿರ ಬಂದರು.

"ಇವತ್ತು ನೀನು ಪಕ್ಕದಲ್ಲಿ ಕೂತ್ಕೋಬೇಕಪ್ಪ. ಬೇರೆ ಡ್ರೈವರ್ ಕಳಿಸ್ತೀನಿ."

"ಅವನು ವೈಪರ್ ಹಾಕ್ತಾನೆ ಸರ್" ಅಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಕೀಲಿ ಕೊಟ್ಟರು.

ಅವಳ ಬೀದಿಗೆ ತಿರುಗಿದಾಗ ನನಗೆ ವಿಳಾಸ ತಪ್ಪಿತೇನೋ ಅನ್ನಿಸಿತು. ಬೀದಿ ತುಂಬ ಕೊಡೆಗಳು. ಬಸ್ ನಿಲ್ದಾಣದ ಕೌಂಟರಿನವರು, ಸಮವಸ್ತ್ರದಲ್ಲೇ ಬಂದ ಡ್ರೈವರು ಕಂಡಕ್ಟರುಗಳು, ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಂತ ಗಂಡಸರು, ಹೆಂಗಸರು, ದಿನವೂ ಅವಳಿಂದ ಟಿಕೆಟ್ ಕೊಂಡವರು. ಅವರಿಗೆಲ್ಲ ಅವಳ ಮುಖ, ಅವಳ ಬಾಯಿ ಚೆನ್ನಾಗಿ ಗೊತ್ತಿತ್ತು. ನನಗೆ ಅವರಲ್ಲಿ ಒಬ್ಬರೂ ಗೊತ್ತಿರಲಿಲ್ಲ. ಗಾಜಿನವನೂ ಒಂದು ಮೂಲೆಯಲ್ಲಿ ಕೊಡೆಯಿಲ್ಲದೆ ನಿಂತಿದ್ದ.

ಅವಳನ್ನು ಹಿಂದೆ ಮಲಗಿಸಿದ ಮೇಲೆ ಒಬ್ಬ ವಯಸ್ಸಾದ ಹೆಂಗಸು ನನ್ನ ಕಿಟಕಿಯ ಹತ್ತಿರ ಬಂದು, "ಸ್ವಲ್ಪ ನಿಧಾನಕ್ಕೆ ಹೋಗಿಯಪ್ಪ. ನನಗೆ ಮಂಡಿ ನೋವು. ಆದ್ರೂ ಕೊನೇವರೆಗೆ ನಡೀತೀನಿ" ಅಂದರು. ನಾನು ಯಾರೆಂದು ಅವರಿಗೆ ತಿಳಿದಿರಲಿಲ್ಲ. ಪಕ್ಕದ ಸೀಟು ಖಾಲಿ ಇದ್ದದ್ದನ್ನು ನೋಡಿ, "ಪಾಪ, ಅವರಿಗೆ ಹತ್ತಿರದವರು ಯಾರೂ ಇಲ್ವಾ?" ಅಂತಲೂ ಕೇಳಿದರು. ಆಗಲಿ ಅಮ್ಮ, ನಿಧಾನಕ್ಕೇ ಹೋಗ್ತೀನಿ ಅಂತಷ್ಟೇ ಹೇಳಿದೆ.

ನನಗೆ ಅಕ್ಕನ ಮೇಲೆ ಕೆಟ್ಟ ಸಿಟ್ಟು ಬಂತು. ಹಿಂದೆ ಬರೋರು ಯಾರಿದ್ದಾರೆ ಅಂದೆಯಲ್ಲ, ತಗೋ, ಅರ್ಧ ಊರೇ ಬಂದಿದೆ. ಈಗ ಅರವತ್ತರಲ್ಲಿ ಹೇಗೆ ಹೋಗಲಿ? ಗಾಡಿ ಹೊರಟಿತು. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಗಾಜಿನ ತುಂಬ ಹನಿ ಕೂತು, ಮುಂದಿನದೆಲ್ಲ ಕಲಸಿಹೋಯಿತು. ಕಿಟಕಿಯಿಂದ ತಲೆ ಹಾಕಿದರೆ ಮಳೆ ಕಣ್ಣಿಗೇ ಹೊಡೆಯುತ್ತಿತ್ತು. ಬ್ರೇಕು ಒತ್ತಿದೆ. ಕೈ ವೈಪರಿನ ಸ್ವಿಚ್ಚಿನ ಮೇಲೆ ಹೋಯಿತು. ಅವಳು ನನ್ನನ್ನು ಕೇಳಿದ್ದು ಒಂದೇ ಒಂದು, ಅದನ್ನೂ ಮಾಡುವುದಕ್ಕೆ ನನ್ನ ಕೈಲಿ ಆಗುತ್ತಿರಲಿಲ್ಲ. ನಾನು ಅಲ್ಲಿ ಕೂತು ಅತ್ತೆ.

ಆಗ ನನ್ನ ಮುಂದಿನ ಗಾಜಿನ ಮೇಲೆ ಒಂದು ಕೈ ಕಾಣಿಸಿತು. ಗಾಜಿನವನು ಹೆಗಲ ಮೇಲಿನ ಬಟ್ಟೆ ತೆಗೆದು, ಕೈ ಎಟುಕುವಷ್ಟು ದೂರ ನಿಧಾನವಾಗಿ ಒರೆಸಿದ. ಸದ್ದೇ ಇಲ್ಲ. ರಸ್ತೆ ಕಂಡಿತು. ಹೋಗಿ ಅನ್ನುವ ಹಾಗೆ ತಲೆಯಾಡಿಸಿದ. ನಾನು ಬ್ರೇಕು ಬಿಟ್ಟೆ. ಅವನು ಒಂದು ಕೈಯಲ್ಲಿ ಬಾಗಿಲು ಹಿಡಿದು, ಅರ್ಧ ಓರೆಯಾಗಿ ನಡೆಯುತ್ತಾ, ಹನಿ ತುಂಬಿದ ಹಾಗೆ ಒರೆಸುತ್ತಾ ಬಂದ. ಬಟ್ಟೆ ನೆಂದರೆ ಹಿಂಡಿ ಮತ್ತೆ ಒರೆಸುತ್ತಿದ್ದ. ಅಷ್ಟು ಮಾತಾಡುವ ಮನುಷ್ಯ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಹಿಂದೆ ಕೊಡೆಗಳ ಮೇಲೆ ಮಳೆ ಬೀಳುವುದು, ಜನ ನೀರಿನಲ್ಲಿ ಕಾಲು ಎತ್ತಿಡುವುದು, ಅಷ್ಟೇ ಕೇಳಿಸುತ್ತಿತ್ತು. ಅಕ್ಕನ ಕಡೆಯ ಗಾಜಿಗೆ ಅವನ ಕೈ ಎಟುಕುತ್ತಿರಲಿಲ್ಲ. ಅಲ್ಲಿ ಹನಿಗಳು ಹಾಗೇ ಕೂತಿದ್ದವು.

ಎಲ್ಲ ಮುಗಿದ ಮೇಲೆ ಅವನು ಗೇಟಿನ ಬಳಿ ಚಳಿಗೆ ಗಡಗಡ ನಡುಗುತ್ತಾ ನಿಂತಿದ್ದ. ನಾನು ಗಾಡಿ ನಿಲ್ಲಿಸಿ ಪಕ್ಕದ ಬಾಗಿಲು ತೆಗೆದೆ.

"ಬಾರೋ, ಪೂರ್ತಿ ನೆಂದಿದ್ದೀಯ. ಅಂಗಡಿ ಹತ್ತಿರ ಬಿಡ್ತೀನಿ."

ಅವನು ಸೀಟು ನೋಡಿದ. ಒಂದು ಕಾಲು ಮುಂದೆ ಇಡಲೂ ಇಟ್ಟ. ಆಮೇಲೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ ನಿಂತುಬಿಟ್ಟ.

"ಬಸ್ ಬರತ್ತಣ್ಣಾ."

"ಅಮ್ಮನಿಗೆ ಮಾತು ಕೊಟ್ಟಿದ್ದೀಯಾ?"

"ಹೂಂ" ಅಂದ. ಈ ಸಲ ನಗಲಿಲ್ಲ. ನನಗೆ ಸಿಟ್ಟು ಬರಲಿಲ್ಲ. ಅವನು ಅಷ್ಟು ದೂರ ನಡೆದದ್ದೇ ದೊಡ್ಡದು. ಬಾಗಿಲು ಎಳೆದುಕೊಂಡೆ.

ಗೇಟು ದಾಟಿದಾಗ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಎದುರಿನ ತಂಗುದಾಣದಲ್ಲಿ ಅಕ್ಕನ ಜನರೆಲ್ಲ ಒತ್ತೊತ್ತಾಗಿ ನಿಂತು ಬಸ್ಸು ಕಾಯುತ್ತಿದ್ದರು. ಮಂಡಿ ನೋವಿನ ಹೆಂಗಸು ಅವಳು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಕೂತಿದ್ದರು. ಗಾಡಿ ನಿಂತದ್ದನ್ನು ಕಂಡು ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಹೊರಟೆ.

ಹೊರವರ್ತುಲ ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಮಳೆ ಜೋರಾಯಿತು. ಮುಳ್ಳು ಅರವತ್ತು ಮುಟ್ಟಿತು. ನನ್ನ ಮುಂದಿನ ಹನಿಗಳು ನಡುಗಿ, ಕುಂಟುತ್ತಾ ಕುಂಟುತ್ತಾ ಮೇಲಕ್ಕೆ ಹರಿದವು.

"ಓಡ್ತು ಅಕ್ಕಾ" ಅಂದೆ. "ನೀನು ಹೇಳಿದ ಹಾಗೆ ನನ್ನ ಕಡೇದು ಕುಂಟತ್ತೆ. ಒಪ್ಕೊಂಡೆ. ನಿನ್ನ ಕಡೆ ಹೇಗಿದೆ?"

ಓಡಿಸುವವನು ರಸ್ತೆ ನೋಡಬೇಕು. ನಾನು ಆ ಕಡೆ ತಿರುಗಲಿಲ್ಲ. ಊರು ಬರುವವರೆಗೂ ಅವಳ ಕಡೆಯ ಗಾಜಿನಲ್ಲಿ ಏನಾಯಿತು ಅಂತ ನನಗೆ ಯಾರೂ ಹೇಳಲಿಲ್ಲ.